ಶಿಫಾರಸು ಪತ್ರದ ಸೀಮೆಯಲ್ಲಿ

2023ರ ಮೇ 13ರಂದು ಮತ ಎಣಿಕೆ ಮುಗಿದಾಗ ರಾಜ್ಯದಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನ ಬಂದಿದ್ದವು. ವಿಜಯನಗರ ಜಿಲ್ಲೆಯ ದಕ್ಷಿಣ ಮತ್ತು ಪಶ್ಚಿಮದ ನಾಲ್ಕು ಕ್ಷೇತ್ರಗಳು ಮಾತ್ರ ಆ ಅಲೆಯನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಕೂಡ್ಲಿಗಿಯಲ್ಲಿ ಕಾಂಗ್ರೆಸ್ ಗೆದ್ದಿತ್ತು, ಹಗರಿಬೊಮ್ಮನಹಳ್ಳಿಯಲ್ಲಿ ಜೆಡಿಎಸ್, ಹೂವಿನಹಡಗಲಿಯಲ್ಲಿ ಬಿಜೆಪಿ, ಹರಪನಹಳ್ಳಿಯಲ್ಲಿ ಪಕ್ಷೇತರ. ಒಂದರ ಹೊಲದ ಬದುವಿನಿಂದ ಇನ್ನೊಂದರ ಹೊಲ ಶುರುವಾಗುವಷ್ಟು ಹತ್ತಿರದ ಊರುಗಳು. ಬೀಳುವ ಮಳೆ ಒಂದೇ, ಬರವೂ ಒಂದೇ, ಓಡಾಡುವುದು ಒಂದೇ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ. ಹೀಗಿದ್ದೂ ನಾಲ್ಕು ಬಾವುಟ. ಇಲ್ಲಿಯ ಜನ ಪಕ್ಷವನ್ನು ಏನೆಂದು ತಿಳಿದಿದ್ದಾರೆ ಎಂದು ನೋಡಬೇಕೆನ್ನಿಸಿತು. ಮರುವರ್ಷದ ಜೂನ್ ಕೊನೆಯ ವಾರ, ಲೋಕಸಭೆ ಚುನಾವಣೆಯ ಗದ್ದಲ ಆರಿದ ಮೇಲೆ ಹೊರಟೆ.

ಕೂಡ್ಲಿಗಿಯಲ್ಲಿ ಇಳಿದಾಗ ಹದ ಮಳೆಯಾಗಿತ್ತು. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ 50ನೇ ನಂಬರಿನ ರಾಷ್ಟ್ರೀಯ ಹೆದ್ದಾರಿಯ ಲಾರಿಗಳು ಊರಿನ ಗೊಡವೆಗೆ ಬಾರದೆ ಹಾರಿಹೋಗುತ್ತವೆ. ಊರೊಳಗೆ ಶೇಂಗಾ ಬೀಜದ ಮಾತು, ಗೊಬ್ಬರದ ಅಂಗಡಿ ಮುಂದೆ ಸಾಲು. ಗಾಂಧೀಜಿಯ ಚಿತಾಭಸ್ಮವಿರುವ ಹುತಾತ್ಮರ ಸ್ಮಾರಕ ಈ ಸಣ್ಣ ಊರಿನಲ್ಲಿದೆ ಎಂಬುದು ಹೊರಗಿನ ಬಹಳ ಜನಕ್ಕೆ ಗೊತ್ತಿಲ್ಲ. ಅದನ್ನು ನೋಡಿಕೊಂಡು ತಾಲ್ಲೂಕು ಕಚೇರಿಯ ಕಡೆ ನಡೆದೆ.

ಅರ್ಜಿ ಬರೆಯುವವರ ಮೇಜಿನ ಪಕ್ಕ ಕೂತಿದ್ದ ರೈತರೊಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಪಹಣಿ, ಆಧಾರ್, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಎಲ್ಲಕ್ಕಿಂತ ಕೆಳಗೆ ಜೋಪಾನವಾಗಿ ಮಡಚಿದ ಎರಡು ಶಿಫಾರಸು ಪತ್ರ. ಗಂಗಾ ಕಲ್ಯಾಣದಲ್ಲಿ ಕೊಳವೆಬಾವಿ ಬೇಕಿತ್ತು ಅವರಿಗೆ. ಆ ಯೋಜನೆಯ ಫಲಾನುಭವಿಗಳ ಆಯ್ಕೆ ಸಮಿತಿಗೆ ಶಾಸಕರೇ ಅಧ್ಯಕ್ಷರಾದ್ದರಿಂದ ಪತ್ರಕ್ಕೆ ಬೆಲೆ.

“ಎರಡ್ಯಾಕ್ರೀ ಯಜಮಾನ್ರೆ?”

“ಒಂದು ಹಳೇರದ್ದು, ಒಂದು ಈಗಿನೋರದ್ದು. ಹಳೇರದ್ದು ನಡಿಯಂಗಿಲ್ಲಂತ. ಹಂಗಂತ ಹರಿದು ಒಗಿಯಾಕಾಗ್ತದೇನ್ರಿ? ನಾಳೆ ಮತ್ತ ಅವರ ಬಂದ್ರ?”

ಈ ಮಾತಿನಲ್ಲಿರುವ ಲೆಕ್ಕಾಚಾರವನ್ನು ಸುಮ್ಮನೆ ನಕ್ಕು ತಳ್ಳುವ ಹಾಗಿಲ್ಲ. ಕೂಡ್ಲಿಗಿ 2008ರಲ್ಲಿ ಬಿ. ನಾಗೇಂದ್ರ ಅವರನ್ನು ಬಿಜೆಪಿಯಿಂದ ಗೆಲ್ಲಿಸಿತು. 2013ರಲ್ಲಿ ಅವರನ್ನೇ ಪಕ್ಷೇತರರಾಗಿ ಗೆಲ್ಲಿಸಿತು. ಮುಂದೆ ಅವರು ಕಾಂಗ್ರೆಸ್ ಸೇರಿ ಬಳ್ಳಾರಿ ಗ್ರಾಮೀಣಕ್ಕೆ ಹೋದರು. 2018ರಲ್ಲಿ ಇಲ್ಲಿ ಬಿಜೆಪಿಯಿಂದ ಗೆದ್ದ ಎನ್.ವೈ. ಗೋಪಾಲಕೃಷ್ಣ ಮೊದಲು ಕಾಂಗ್ರೆಸ್ಸಿನವರು. 2023ರ ಚುನಾವಣೆಗೆ ಮುಂಚೆ ಮತ್ತೆ ಕಾಂಗ್ರೆಸ್ಸಿಗೆ ಮರಳಿ ಪಕ್ಕದ ಮೊಳಕಾಲ್ಮೂರಿನಲ್ಲಿ ಗೆದ್ದರು. ಈಗಿನ ಶಾಸಕ ಡಾ. ಎನ್.ಟಿ. ಶ್ರೀನಿವಾಸ್ ಕಣ್ಣಿನ ವೈದ್ಯರು, ಮಾಜಿ ಶಾಸಕ ಎನ್.ಟಿ. ಬೊಮ್ಮಣ್ಣನವರ ಮಗ. ಇಷ್ಟೆಲ್ಲ ಅದಲುಬದಲಿನ ನಡುವೆ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯಿಂದ ನೀರು ತುಂಬಿಸುವ ಯೋಜನೆಯೊಂದು ಎರಡು ಪಕ್ಷಗಳ ಆಡಳಿತ ದಾಟಿ ಬಂದಿದೆ. ಅದು ಯಾರದ್ದು ಎಂದು ಕೇಳಿದರೆ ಟೀ ಅಂಗಡಿಯಲ್ಲಿ ಜಗಳವೇ ಆಗುತ್ತದೆ. ಕೆರೆಗೆ ನೀರು ಬಂದರೆ ಸಾಕು ಎನ್ನುವವರೂ ಇದ್ದಾರೆ. ಅವರ ದನಿ ಸಣ್ಣದು.

ಕೊಟ್ಟೂರಿನ ಬಸ್ಸು ತುಂಬಿ ತುಳುಕುತ್ತಿತ್ತು. ತುಂಬಿದ್ದವರು ಬಹುಪಾಲು ಹೆಂಗಸರು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಈ ರಸ್ತೆಗಳ ಬಸ್ಸಿನ ಬಣ್ಣವೇ ಬದಲಾಗಿದೆ. ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದು ಹರಿದು ಕೊಡುತ್ತಿದ್ದ. ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದ ಇಬ್ಬರು ಅಕ್ಕಂದಿರನ್ನು ಲೋಕಸಭೆಗೆ ಯಾರಿಗೆ ಹಾಕಿದಿರಿ ಎಂದು ಕೇಳಿದೆ. ಹಾಗೆ ನೇರವಾಗಿ ಕೇಳಬಾರದು, ಗೊತ್ತು. ಒಬ್ಬಾಕೆ ಮಾತ್ರ ಸಂಕೋಚವಿಲ್ಲದೆ ಹೇಳಿದಳು: “ಟಿಕೆಟ್ ಸಿದ್ರಾಮಯ್ಯಂದು, ಓಟು ಮೋದೀದು. ಏನೀಗ?” ಇನ್ನೊಬ್ಬಾಕೆ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು 9. ಶಕ್ತಿಯಂಥ ಗ್ಯಾರಂಟಿ ಯೋಜನೆ ಕೊಟ್ಟರೂ ಜನ ಕೈಹಿಡಿಯಲಿಲ್ಲ ಎಂದು ಆ ಪಕ್ಷದೊಳಗೆ ಗೊಣಗಾಟ ಎದ್ದಿತ್ತು. ನನಗೆ ಈ ಗೊಣಗಾಟದಲ್ಲಿ ಹುರುಳು ಕಾಣುವುದಿಲ್ಲ. ಬಸ್ಸಿನ ಟಿಕೆಟ್ಟಿಗೆ ಯಾರ ಪತ್ರವೂ ಬೇಡ, ಆಧಾರ್ ತೋರಿಸಿದರೆ ಆಯಿತು. ಪತ್ರ ಬೇಡವಾದ ಸೇವೆಗೆ ಋಣವೂ ಇರುವುದಿಲ್ಲ, ಇರಲೂ ಬಾರದು. ಆ ಅಕ್ಕ ನ್ಯಾಯವಾಗಿಯೇ ನಡೆದುಕೊಂಡಿದ್ದಾಳೆ. ಅಂದಹಾಗೆ, ಆಕೆಯ ಓಟಿಗೆ ಫಲ ಸಿಗಲಿಲ್ಲ. ಬಳ್ಳಾರಿ ಲೋಕಸಭೆಗೆ ಆರಿಸಿ ಬಂದವರು ಕಾಂಗ್ರೆಸ್ಸಿನ ಇ. ತುಕಾರಾಂ.

ಕೊಟ್ಟೂರಿನಲ್ಲಿ ಮೂರು ಜನ ಕೂಡಿದ ಕಡೆ ಒಬ್ಬ ಕೊಟ್ರೇಶನೋ ಕೊಟ್ರಮ್ಮನೋ ಇದ್ದೇ ಇರುತ್ತಾರೆ. ಗುರು ಕೊಟ್ಟೂರೇಶ್ವರನ ಊರು. ತಾಲ್ಲೂಕಿನ ಪಟ್ಟ ಸಿಕ್ಕು ಇನ್ನೂ ಹೆಚ್ಚು ವರ್ಷವಾಗಿಲ್ಲ. ಆದರೆ ಹಿಂದೆ ಇದ್ದ ವಿಧಾನಸಭಾ ಕ್ಷೇತ್ರದ ಪಟ್ಟ 2008ರ ಮರುವಿಂಗಡಣೆಯಲ್ಲಿ ಹೋಯಿತು. ಈಗ ಓಟು ಹಗರಿಬೊಮ್ಮನಹಳ್ಳಿಗೆ. ಕ್ಷೇತ್ರ ಕಳೆದುಕೊಂಡ ಊರಿಗೆ ಒಂದು ಬಗೆಯ ಹಗುರ ಬರುತ್ತದೋ ಏನೋ, ಇಲ್ಲಿಯ ಜನ ರಾಜಕೀಯವನ್ನು ಸ್ವಲ್ಪ ದೂರ ನಿಂತು ಮಾತಾಡುತ್ತಾರೆ.

ದೇವಸ್ಥಾನ ನೋಡಿ ಬಂದು ವಗ್ಗರಣಿ-ಮಿರ್ಚಿ ತಿನ್ನುತ್ತ ಕೂತಾಗ ಇಂಗ್ಲೆಂಡಿನಿಂದ ಅಕ್ಕನ ಮಗಳ ಫೋನು. ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ, ಎನ್‌ಎಚ್‌ಎಸ್ ಎನ್ನುತ್ತಾರಲ್ಲ, ಅದರಲ್ಲಿ ಕಿರಿಯ ವೈದ್ಯೆ. ಆ ವಾರ ಅವರ ಮುಷ್ಕರ. ಜೂನ್ 27ರಿಂದ ಜುಲೈ 2ರವರೆಗೆ. ಜುಲೈ 4ಕ್ಕೆ ಅಲ್ಲಿ ಸಂಸತ್ ಚುನಾವಣೆ. ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ದೇಶದವಳಾದ್ದರಿಂದ ಅವಳಿಗೆ ಅಲ್ಲಿ ಮತದ ಹಕ್ಕಿದೆ.

“ಮಾಮಾ, ಯಾರಿಗೆ ಹಾಕ್ಲಿ ಅಂತಾನೇ ಗೊತ್ತಾಗ್ತಿಲ್ಲ.”

ಸ್ಪೀಕರಿನಲ್ಲಿದ್ದ ಮಾತು ಮಿರ್ಚಿ ಅಂಗಡಿಯವರ ಕಿವಿಗೂ ಬಿತ್ತು. “ನಮ್ಮ ಹುಬ್ಬಳ್ಳಿ ಕಡೆ ಅಳಿಯ ಅದಾನಲ್ಲವ್ವ, ಅವಗ ಹಾಕು” ಎಂದರು. ಸುಧಾ ಮೂರ್ತಿಯವರ ಅಳಿಯ ರಿಷಿ ಸುನಕ್ ಆಗ ಪ್ರಧಾನಿ. ಅವಳಿಗೆ ನಗು ಬಂತು, ಆದರೆ ಅವಳ ತಾಪತ್ರಯ ಬೇರೆಯೇ. 2022ರ ಸೆಪ್ಟೆಂಬರ್ 6ರಿಂದ ಅಕ್ಟೋಬರ್ 25ರೊಳಗೆ ಆ ದೇಶ ಬೋರಿಸ್ ಜಾನ್ಸನ್, ಲಿಜ್ ಟ್ರಸ್, ಸುನಕ್ ಹೀಗೆ ಮೂವರು ಪ್ರಧಾನಿಗಳನ್ನು ಕಂಡಿತ್ತು. ಮೂವರೂ ಒಂದೇ ಕನ್ಸರ್ವೇಟಿವ್ ಪಕ್ಷದವರು. ಇಂಗ್ಲೆಂಡಿನಲ್ಲಿ ಚಿಕಿತ್ಸೆಗೆ ಕಾಯುವವರ ಪಟ್ಟಿ ಸುಮಾರು 76 ಲಕ್ಷಕ್ಕೆ ನಿಂತಿತ್ತು. ಯುರೋಪಿನ ಒಕ್ಕೂಟ ಬಿಟ್ಟರೆ ವಾರಕ್ಕೆ 35 ಕೋಟಿ ಪೌಂಡು ಉಳಿಯುತ್ತದೆ, ಅದನ್ನು ಆರೋಗ್ಯ ಸೇವೆಗೆ ಕೊಡೋಣ ಎಂದು 2016ರಲ್ಲಿ ಒಕ್ಕೂಟ ಬಿಡಬೇಕೆನ್ನುವವರು ಕೆಂಪು ಬಸ್ಸಿನ ಮೈಮೇಲೆ ದೊಡ್ಡಕ್ಷರದಲ್ಲಿ ಬರೆಸಿಕೊಂಡು ಊರೂರು ತಿರುಗಿದ್ದರು. ಅದನ್ನು ನಂಬಿ ಒತ್ತಿದವರು ಎಷ್ಟೋ. ಹಾಗಾದರೆ ವಿರೋಧ ಪಕ್ಷ ಲೇಬರ್‌ಗೆ ಹಾಕು ಎಂದೆ. ಆದರೆ ವೈದ್ಯರು ಕೇಳುವ ಶೇಕಡಾ 35ರ ವೇತನ ಹೆಚ್ಚಳ ಕೊಡಲಾಗದೆಂದು ಅವರೂ ಮೊದಲೇ ಹೇಳಿಬಿಟ್ಟಿದ್ದರು. ಎನ್‌ಎಚ್‌ಎಸ್ಸನ್ನು 1948ರಲ್ಲಿ ಕಟ್ಟಿದ ಪಕ್ಷ ಅದು. ವಾರ್ಡಿನ ಹಿರಿಯ ನರ್ಸುಗಳು ಅದನ್ನು ಮರೆತಿಲ್ಲ. ಇವಳಿಗೆ ಮಾತ್ರ ಮುಂದಿನ ತಿಂಗಳ ಬಾಡಿಗೆಯ ಚಿಂತೆ.

ಫೋನ್ ಇಟ್ಟ ಮೇಲೆ ಯೋಚಿಸಿದೆ. ಅಲ್ಲಿ ಪಾರ್ಲಿಮೆಂಟಿನಲ್ಲಿ ಪಕ್ಷ ಬದಲಿಸುವವರು ಅಪರೂಪ. ಚರ್ಚಿಲ್ 1904ರಲ್ಲಿ ಕನ್ಸರ್ವೇಟಿವ್ ಬಿಟ್ಟು ಲಿಬರಲ್ ಆದದ್ದು, ಇಪ್ಪತ್ತು ವರ್ಷದ ಮೇಲೆ ಮರಳಿದ್ದು ಇಂದಿಗೂ ಕಥೆಯಾಗಿ ಉಳಿದಿದೆ. ಹಾಗೆ ಬದಲಿಸಿದರೆ ಸದಸ್ಯತ್ವ ಹೋಗುವ ಕಾನೂನೂ ಅಲ್ಲಿಲ್ಲ. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾನೂನಿದೆ, ಪಕ್ಷಾಂತರವೂ ಇದೆ. ಅಲ್ಲಿ ಮತದಾರ ಕದಲುತ್ತಾನೆ: ತಲೆತಲಾಂತರದಿಂದ ಲೇಬರ್‌ಗೆ ಒತ್ತುತ್ತಿದ್ದ ಉತ್ತರದ ಗಣಿ, ಗಿರಣಿ ಊರುಗಳು 2019ರಲ್ಲಿ ಕನ್ಸರ್ವೇಟಿವ್ ಕಡೆ ಹೋದವು. ಈ ಸೀಮೆಯಲ್ಲಿ ಕದಲುವುದು ಚಿಹ್ನೆ. ಮತದಾರ ಒಂದು ಮನೆಯ, ಒಬ್ಬ ವ್ಯಕ್ತಿಯ ಹಿಂದೆ ನಿಂತಿರುತ್ತಾನೆ. ಅವರ ಬಾವುಟ ಯಾವ ಬಣ್ಣಕ್ಕೆ ತಿರುಗಿದರೂ ಸರಿ.

ಇದಕ್ಕೆ ಹಗರಿಬೊಮ್ಮನಹಳ್ಳಿಗಿಂತ ಒಳ್ಳೆಯ ಪಾಠಶಾಲೆ ಸಿಗದು. ಕೊಟ್ಟೂರಿನಿಂದ ಅಲ್ಲಿಗೆ ಹೋಗುವಾಗ ಪಕ್ಕದಲ್ಲಿದ್ದ ನಿವೃತ್ತ ಮಾಸ್ತರರು ಬೆರಳು ಮಡಚುತ್ತ ಒಪ್ಪಿಸಿದರು. 2008ರಲ್ಲಿ ಕೆ. ನೇಮರಾಜ ನಾಯ್ಕ ಬಿಜೆಪಿಯಿಂದ ಗೆದ್ದರು. 2013ರಲ್ಲಿ ಎಸ್. ಭೀಮಾನಾಯ್ಕ ಜೆಡಿಎಸ್‌ನಿಂದ ಅವರನ್ನು ಸೋಲಿಸಿದರು. 2016ರ ರಾಜ್ಯಸಭಾ ಚುನಾವಣೆಯಲ್ಲಿ ಭೀಮಾನಾಯ್ಕರು ಜೆಡಿಎಸ್‌ನ ಬಂಡಾಯಗಾರರ ಜೊತೆ ಸೇರಿ ಅಡ್ಡಮತ ಹಾಕಿ, 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2023ರಲ್ಲಿ ನೇಮರಾಜ ನಾಯ್ಕರು ಜೆಡಿಎಸ್‌ಗೆ ಬಂದು ಭೀಮಾನಾಯ್ಕರನ್ನು ಸೋಲಿಸಿದರು. ಹತ್ತು ವರ್ಷದ ಅಂತರದಲ್ಲಿ ಜೆಡಿಎಸ್ ಚಿಹ್ನೆಯಾದ ತೆನೆ ಹೊತ್ತ ಮಹಿಳೆ ಇಲ್ಲಿ ಎರಡು ಸಲ ಗೆದ್ದಿದ್ದಾಳೆ, ಎರಡೂ ಸಲ ಎದುರಾಳಿಗಳು ಅವರೇ, ಗೆದ್ದವರು ಮಾತ್ರ ಅದಲುಬದಲು. “ಚಿಹ್ನೆಗೆ ಓಟು ಹಾಕಿದೋರು ಯಾರ್ರೀ ಇಲ್ಲಿ?” ಎಂದರು ಮಾಸ್ತರರು. ಅವರ ಮಾತನ್ನು ಅಲ್ಲಗಳೆಯುವ ಪುರಾವೆ ನನ್ನಲ್ಲಿರಲಿಲ್ಲ.

ಈ ಸೀಮೆಯವರು ವ್ಯಕ್ತಿಯನ್ನು ಏಕೆ ನೆಚ್ಚಿಕೊಂಡರು ಎಂಬುದಕ್ಕೆ ತುಂಗಭದ್ರೆಯನ್ನು ನೋಡಬೇಕು. 1953ರಲ್ಲಿ ಅಣೆಕಟ್ಟೆಯಲ್ಲಿ ನೀರು ನಿಂತಾಗ ಮುಳುಗಿದ ಹಳ್ಳಿಗಳಲ್ಲಿ ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯವು ಬಹಳ. ನಾರಾಯಣದೇವರಕೆರೆ ಮುಳುಗಿ ಮರಿಯಮ್ಮನಹಳ್ಳಿ ಎದ್ದಿತು. ನೀರು ಹರಿದದ್ದು ಮಾತ್ರ ಕೆಳಗಿನ ಗಂಗಾವತಿ, ಸಿರುಗುಪ್ಪ, ರಾಯಚೂರು, ಆಚೆಯ ಆಂಧ್ರಕ್ಕೆ. ಊರು ಕೊಟ್ಟವರಿಗೆ ಹಿನ್ನೀರಿನ ನೋಟ ಉಳಿಯಿತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯ ವರ್ಷಗಟ್ಟಲೆ ಬತ್ತಿ, ಅದರೊಳಗೆ ದನ ಮೇಯುತ್ತಿದ್ದದ್ದನ್ನು ಕಂಡವರಿದ್ದಾರೆ. ಆಡಳಿತ ಯಾವ ಪಕ್ಷದ್ದಾದರೂ ಬೆಂಗಳೂರಿನಲ್ಲಿ ಇವರ ಹೆಸರು ಹೇಳುವವರಿರಲಿಲ್ಲ. ಹಾಗಿದ್ದಾಗ ಕೈಗೆ ಸಿಕ್ಕುವ, ಮನೆಬಾಗಿಲಿಗೆ ಹೋದರೆ ಎದ್ದು ಬರುವ, ಪತ್ರ ಬರೆದುಕೊಡುವ ಮನುಷ್ಯನೇ ಸರ್ಕಾರವಾದ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಪಟ್ಟಿ ಮಾಡಿದಾಗ ಕೂಡ್ಲಿಗಿ, ಹರಪನಹಳ್ಳಿ ಅದರಲ್ಲಿದ್ದುದು ಇಲ್ಲಿಯವರಿಗೆ ಸುದ್ದಿಯೇ ಆಗಲಿಲ್ಲ.

ಹಡಗಲಿಯಲ್ಲಿ ಮಲ್ಲಿಗೆಯ ಕಾಲವಲ್ಲ ಎಂದು ಹೆದರಿದ್ದೆ. ಸಂತೆಯಲ್ಲಿ ಮೊಳ ಹೂ ಸಿಕ್ಕಿತು. ಪಕ್ಕದ ಮೈಲಾರಕ್ಕೆ ಹೋಗಿಬಂದೆ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಸಾಲಿನ ಕಾರ್ಣಿಕ ಬೀಳುತ್ತದೆ. ಮಳೆ ಬೆಳೆಗೆ ಎಂದು ಹುಟ್ಟಿದ ನುಡಿಯನ್ನು ಈಗ ಮಾರನೆಯ ದಿನವೇ ವಿಧಾನಸೌಧಕ್ಕೆ ಅನ್ವಯಿಸುತ್ತಾರೆ. ಯಾವ ಪಕ್ಷದವನಿಗೂ ಅದು ತನ್ನ ಪರವಾಗಿಯೇ ಕೇಳಿಸುತ್ತದೆ. ಜೂನಿನಲ್ಲಿ ಮೈಲಾರ ನಿರಾಳ. ಅಂಗಡಿಯವ ಭಂಡಾರದ ಪೊಟ್ಟಣ ಕಟ್ಟುತ್ತಿದ್ದ, ರಾಜಕೀಯದ ಮಾತೇ ಎತ್ತಲಿಲ್ಲ.

ಹಡಗಲಿ ಎಂದರೆ ಎಂ.ಪಿ. ಪ್ರಕಾಶ್. ರಂಗಭಾರತಿ ಕಟ್ಟಿ ನಾಟಕ ಆಡಿಸಿದವರು, ಹಂಪಿ ಉತ್ಸವಕ್ಕೆ ರೂಪ ಕೊಟ್ಟವರು, ಧರ್ಮಸಿಂಗ್ ಸಂಪುಟದಲ್ಲಿ ಉಪಮುಖ್ಯಮಂತ್ರಿಯಾದವರು. ಜನತಾ ಪರಿವಾರದಲ್ಲಿ ಜೀವಮಾನ ಕಳೆದು ಕೊನೆಗೆ ಜೆಡಿಎಸ್ ತೊರೆದು ಕಾಂಗ್ರೆಸ್ ಸೇರಿದರು. 2008ರ ಮರುವಿಂಗಡಣೆಯಲ್ಲಿ ಹಡಗಲಿ ಮೀಸಲು ಕ್ಷೇತ್ರವಾಗಿ, ಹರಪನಹಳ್ಳಿ ಸಾಮಾನ್ಯವಾದಾಗ ಅಲ್ಲಿಗೆ ಹೋಗಿ ಬಿಜೆಪಿಯ ಜಿ. ಕರುಣಾಕರ ರೆಡ್ಡಿ ಅವರೆದುರು ಸೋತರು. 2011ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಕಥೆ ಹರಪನಹಳ್ಳಿಯಲ್ಲಿ ಮುಂದುವರಿಯುತ್ತದೆ. ನನ್ನ ಬಸ್ಸೂ ಅತ್ತಲೇ ಹೊರಟಿತು.

ಹರಪನಹಳ್ಳಿಯಷ್ಟು ಸರ್ಕಾರಿ ಗೆರೆಗಳ ಏಟು ತಿಂದ ಊರು ಕರ್ನಾಟಕದಲ್ಲಿ ಕಡಿಮೆ. ಪಾಳೇಗಾರರ ಕಾಲ ಮುಗಿಸಿ ಥಾಮಸ್ ಮನ್ರೋನ ದತ್ತ ಮಂಡಲಕ್ಕೆ ಸೇರಿತು. ಬಳ್ಳಾರಿಯ ಜೊತೆ ಮದ್ರಾಸಿನಲ್ಲಿದ್ದು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ದಾವಣಗೆರೆ ಜಿಲ್ಲೆ ಮಾಡಿದಾಗ ಅತ್ತ ಸೇರಿಸಿದರು. ಆಗ ಯಾರಿಗೂ ದೊಡ್ಡ ನಷ್ಟ ಕಾಣಲಿಲ್ಲ; ದಾವಣಗೆರೆ ಹತ್ತಿರ, ಅಲ್ಲಿಯ ಜಿಲ್ಲಾಸ್ಪತ್ರೆಗೆ ಇದೇ ತಾಲ್ಲೂಕಿನ ಚಿಗಟೇರಿಯ ಹೆಸರಿದೆ. ಪೆಟ್ಟು ಬಿದ್ದದ್ದು ಸಂವಿಧಾನದ 371(ಜೆ) ಕಲಂ ಬಂದಾಗ. 2013ರಲ್ಲಿ ಜಾರಿಯಾದ ಆ ಕಲಂ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಈ ಆರು ಜಿಲ್ಲೆಯವರಿಗೆ ಶಿಕ್ಷಣದಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಟ್ಟಿತು. ಕೊಟ್ಟೂರಿನ ಹುಡುಗಿಗೆ ಮೆಡಿಕಲ್ ಸೀಟು ಸಿಕ್ಕರೆ, ಅಷ್ಟೇ ಅಂಕ ತೆಗೆದ ಚಿಗಟೇರಿಯ ಹುಡುಗಿ ಮನೆಯಲ್ಲಿ ಕೂರಬೇಕಿತ್ತು. ನಡುವೆ ಇದ್ದದ್ದು ಒಂದು ಜಿಲ್ಲೆಯ ಗೆರೆ, ಅಷ್ಟೇ.

ಹೋರಾಟ ನಡೆಯಿತು. ಮಠದವರು, ವಿದ್ಯಾರ್ಥಿಗಳು, ವಕೀಲರು, ಎಲ್ಲ ಪಕ್ಷದವರು ಬೀದಿಗಿಳಿದರು. ಪ್ರಕಾಶರ ಮಗ ಎಂ.ಪಿ. ರವೀಂದ್ರ 2013ರಲ್ಲಿ ಕಾಂಗ್ರೆಸ್ಸಿನಿಂದ ಶಾಸಕರಾಗಿದ್ದರು; ಬೇಡಿಕೆಯನ್ನು ವಿಧಾನಸೌಧಕ್ಕೆ ಒಯ್ದು ಹಟ ಹಿಡಿದರು. 2018ರಲ್ಲಿ ತಾಲ್ಲೂಕನ್ನು ಮತ್ತೆ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯಿತು. ಅದೇ ವರ್ಷದ ಮೇ ತಿಂಗಳ ಚುನಾವಣೆಯಲ್ಲಿ ರವೀಂದ್ರ ಸೋತರು. ನವೆಂಬರಿನಲ್ಲಿ ತೀರಿಕೊಂಡರು.

ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಈ ಮಾತು ತೆಗೆದೆ. “ಅಷ್ಟು ಮಾಡಿದೋರ್ನ ಸೋಲಿಸಿಬಿಟ್ರಲ್ರೀ” ಎಂದೆ. ಗಲ್ಲಾದ ಮೇಲಿದ್ದವರು ಚಿಲ್ಲರೆ ಎಣಿಸುತ್ತಲೇ ಹೇಳಿದರು: “ಅದು ಬ್ಯಾರೆ, ಇದು ಬ್ಯಾರೆ. ನನ್ನ ಮಗನಿಗೆ ಈಗ ಸರ್ಟಿಫಿಕೇಟ್ ಬಂದೈತಿ. ಆ ಮನೀ ಮಗಳಿಗೆ ಈ ಸಲ ನಾವ ಹಾಕಿವಿ. ಕಾಂಗ್ರೆಸ್ಸಿನೋರು ಟಿಕೆಟ್ ಕೊಡ್ಲಿಲ್ಲ, ನಾವು ಓಟು ಕೊಟ್ಟಿವಿ.” 2023ರಲ್ಲಿ ಪ್ರಕಾಶರ ಮಗಳು ಎಂ.ಪಿ. ಲತಾ ಮಲ್ಲಿಕಾರ್ಜುನ್ ಟಿಕೆಟ್ ತಪ್ಪಿ ಪಕ್ಷೇತರರಾಗಿ ನಿಂತು ಕರುಣಾಕರ ರೆಡ್ಡಿ ಅವರನ್ನು ಸೋಲಿಸಿದರು; ಗೆದ್ದ ಮೇಲೆ ಕಾಂಗ್ರೆಸ್ ಸರ್ಕಾರವನ್ನೇ ಬೆಂಬಲಿಸಿದರು.

ಸೇವೆ ಮಾಡಿದವರು ಸೋಲುವುದು ಇಲ್ಲಿಯ ವಿಚಿತ್ರವಲ್ಲ. ಎನ್‌ಎಚ್‌ಎಸ್ ಕಟ್ಟಿದ ಅಟ್ಲಿಯವರ ಲೇಬರ್ ಸರ್ಕಾರ 1951ರಲ್ಲಿ ಚರ್ಚಿಲ್ ಎದುರು ಅಧಿಕಾರ ಕಳೆದುಕೊಂಡಿತು, ಅದೂ ಹೆಚ್ಚು ಮತ ಪಡೆದು. ಗೆದ್ದು ಬಂದ ಕನ್ಸರ್ವೇಟಿವರು ಆಸ್ಪತ್ರೆಗಳನ್ನು ಮುಚ್ಚಲಿಲ್ಲ. ಹರಪನಹಳ್ಳಿಯ 371(ಜೆ) ಕೂಡ ಆಮೇಲಿನ ಮೈತ್ರಿ ಸರ್ಕಾರ, ಬಿಜೆಪಿ ಸರ್ಕಾರ, ಈಗಿನ ಕಾಂಗ್ರೆಸ್ ಸರ್ಕಾರ ಎಲ್ಲವನ್ನೂ ದಾಟಿ ಉಳಿದಿದೆ. ಯಾರು ಮಾಡಿದರು ಎಂಬುದನ್ನು ಜನ ಮರೆತರೂ ನಿಲ್ಲುವಂಥದ್ದೇ ನಿಜವಾದ ಸಾರ್ವಜನಿಕ ಸೇವೆ ಎಂದು ನನಗನ್ನಿಸುತ್ತದೆ. ಮಾಡಿದವರಿಗೆ ಇದು ಕಹಿಯೇ.

ಇನ್ನೊಂದು ತಮಾಷೆ ನೋಡಿ. 2019ರ ಜುಲೈನಲ್ಲಿ ಹೊಸಪೇಟೆಯ ಆನಂದ್ ಸಿಂಗ್ ಕಾಂಗ್ರೆಸ್ಸಿನ ಶಾಸಕತ್ವಕ್ಕೆ ರಾಜೀನಾಮೆ ಕೊಟ್ಟರು. ಮೈತ್ರಿ ಸರ್ಕಾರ ಬಿತ್ತು. ಅವರು ಬಿಜೆಪಿಯಿಂದ ಮತ್ತೆ ಗೆದ್ದು ಮಂತ್ರಿಯಾದರು. ಅವರ ಬಹುದಿನದ ಬೇಡಿಕೆಯಂತೆ 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು. ಪಕ್ಷಾಂತರವನ್ನು ಬೈಯುವ ನಾವು ಆ ಜಿಲ್ಲಾ ಕಚೇರಿಯ ಮೆಟ್ಟಿಲನ್ನೇ ಹತ್ತುತ್ತೇವೆ. ಹರಪನಹಳ್ಳಿಯವರಿಗೆ ಬಳ್ಳಾರಿಗಿಂತ ಹೊಸಪೇಟೆ ಹತ್ತಿರವಾಯಿತು, ಅದು ಸುಳ್ಳಲ್ಲ. ಲೋಕಸಭೆಗೆ ಮಾತ್ರ ಅವರು ಇಂದಿಗೂ ದಾವಣಗೆರೆಗೇ ಓಟು ಹಾಕುತ್ತಾರೆ. ಜಿಲ್ಲಾಧಿಕಾರಿ ಹೊಸಪೇಟೆಯಲ್ಲಿ, ಸಂಸದರು ದಾವಣಗೆರೆಯಲ್ಲಿ. ರಸ್ತೆ ಕೆಟ್ಟರೆ ಎತ್ತ ಹೋಗಬೇಕು ಎಂದು ಕೇಳಿದರೆ ಆ ಹೋಟೆಲಿನವರು “ಎರಡೂ ಕಡೆ ರೈಲೈತಲ್ರಿ” ಎಂದರು. ಕೊಟ್ಟೂರಿನಿಂದ ಹರಪನಹಳ್ಳಿ ಮೇಲೆ ಹರಿಹರಕ್ಕೆ ಹೋಗುವ ಸುಮಾರು 65 ಕಿಲೋಮೀಟರಿನ ಆ ಹಳಿಗಾಗಿ ಒಂದು ತಲೆಮಾರು ಮನವಿ ಕೊಟ್ಟಿದೆ; ಹೊಸಪೇಟೆ-ಹರಿಹರ ಪ್ಯಾಸೆಂಜರ್ ಓಡಿದ್ದು 2019ರಲ್ಲಿ.

ಅಕ್ಕನ ಮಗಳು ಜುಲೈ 4ರಂದು ಓಟು ಹಾಕಿದಳು. ಯಾರಿಗೆಂದು ಹೇಳಲಿಲ್ಲ. ಲೇಬರ್ ಗೆದ್ದಿತು, ಕೆಲವು ತಿಂಗಳ ಮಾತುಕತೆಯ ಮೇಲೆ ಕಿರಿಯ ವೈದ್ಯರು ಎರಡು ವರ್ಷಕ್ಕೆ ಸೇರಿಸಿ ಸುಮಾರು ಶೇಕಡಾ 22ರ ಹೆಚ್ಚಳಕ್ಕೆ ಒಪ್ಪಿದರು. ಅಲ್ಲಿ ಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯುತ್ತಾರೆ, ಆದರೆ ಸರದಿಗೆ ನಿಲ್ಲಲು ಸಂಸದರ ಪತ್ರ ಕೇಳುವುದಿಲ್ಲ. ನಮ್ಮಲ್ಲಿ ಸರದಿ ಚಿಕ್ಕದಿದ್ದರೂ ಪತ್ರ ದೊಡ್ಡದು. ಈ ಪತ್ರ ಇರುವ ತನಕ ಕೂಡ್ಲಿಗಿಯ ರೈತರ ಚೀಲದಲ್ಲಿ ಎರಡು ಪಕ್ಷದ ಸಹಿ ಇರುತ್ತದೆ, ಅದನ್ನು ಪಕ್ಷನಿಷ್ಠೆಯ ಕೊರತೆ ಎಂದು ಯಾರೂ ಜರೆಯುವ ಹಾಗಿಲ್ಲ.

ಪತ್ರವನ್ನು ಬದಿಗಿಡುವ ದಾರಿ ನಮ್ಮ ಕಾನೂನಿನಲ್ಲಿ ಇಲ್ಲವೆಂದಲ್ಲ. ಡಿ.ವಿ. ಸದಾನಂದಗೌಡರ ಬಿಜೆಪಿ ಸರ್ಕಾರ 2012ರ ಏಪ್ರಿಲ್‌ನಲ್ಲಿ ಜಾರಿಗೆ ತಂದ, ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ ಸಕಾಲ ಯೋಜನೆಯನ್ನು ಆಮೇಲಿನ ಯಾವ ಪಕ್ಷವೂ ಕೈಬಿಟ್ಟಿಲ್ಲ. ಬಳಸುವವರಿಗೆ ಅದರ ನೆನಪು ಕಡಿಮೆ. ಜಾತಿ, ಆದಾಯ ಪ್ರಮಾಣಪತ್ರಕ್ಕಾಗಲಿ, ರೇಷನ್ ಕಾರ್ಡಿಗಾಗಲಿ ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ನಿಮ್ಮ ಹಕ್ಕು. ಮೊತ್ತ ಸಣ್ಣದು, ಆದರೂ ಬಿಡಬೇಡಿ. ಶಾಸಕರ ಮನೆಗೆ ಹೋಗುವ ಮುಂಚೆ ಆ ಚೀಟಿ ಕೈಯಲ್ಲಿರಲಿ.